ಕ್ಲಬ್ಬಿನ ಪಿಯಾನೊ ಮತ್ತು ಪೇಟಿ ಚಾಚಾ

ಅವರ ಬಲಗೈ ಹೆಬ್ಬೆರಳಿನ ಉಗುರು ಹುಣಸೆಬೀಜದಷ್ಟು ದಪ್ಪವಿತ್ತು, ಬಣ್ಣ ಹಳೆಯ ಬೆಲ್ಲದ್ದು. ಅದರ ತುದಿಯ ನಟ್ಟನಡುವೆ ಇಲಿ ಕಡಿದಂಥ ಒಂದು ಕಚ್ಚು. ಹಾರ್ಮೋನಿಯಮ್ಮಿನ ಹೊಟ್ಟೆಯೊಳಗೆ ಹಿತ್ತಾಳೆಯ ಸಣ್ಣ ನಾಲಗೆಗಳಿರುತ್ತವಲ್ಲ, ಅವನ್ನು ಒಂದೊಂದಾಗಿ ಮೀಟಿ ದನಿ ನೋಡುವುದಕ್ಕೆ ಅವರು ಆ ಉಗುರನ್ನೇ ಬಳಸುತ್ತಿದ್ದರು. ವರ್ಷಗಟ್ಟಲೆ ಮೀಟಿ ಮೀಟಿ ಬಿದ್ದ ಕಚ್ಚು ಅದು. ಎಂಟೊಂಬತ್ತು ವರ್ಷದವಳಿದ್ದಾಗ ನಾನು ಅದನ್ನೊಮ್ಮೆ ಮುಟ್ಟಿ ನೋಡಲೇ ಎಂದು ಕೇಳಿದ್ದೆ. ಅವರು ಕೈ ಮುಂದೆ ಮಾಡಿ, "ನೋಡ ಬೇಟಿ, ಇದ ನನ್ನ ಹತ್ಯಾರ. ಇದನ್ನ ಯಾವ ಕಳ್ಳಗೂ ಒಯ್ಯಾಕ ಆಗೂದಿಲ್ಲ" ಅಂದಿದ್ದರು.

ನಮ್ಮ ಕಡೆ ಹಾರ್ಮೋನಿಯಮ್ಮಿಗೆ ಪೇಟಿ ಅನ್ನುತ್ತಾರೆ. ಅದನ್ನು ರಿಪೇರಿ ಮಾಡುವವರಾದ್ದರಿಂದ ಅವರು ಊರವರಿಗೆಲ್ಲ ಪೇಟಿಯವರು, ನನಗೆ ಪೇಟಿ ಚಾಚಾ. ನಿಪ್ಪಾಣಿಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರದೊಂದು ಸಣ್ಣ ಅಂಗಡಿ. ಹರೆಯದಲ್ಲಿ ಮುಂಬಯಿಗೆ ಹೋಗಿ ಪಿಯಾನೊ ದುರಸ್ತಿ ಮಾಡುವ ಅಂಗಡಿಯಲ್ಲಿ ಏಳೆಂಟು ವರ್ಷ ದುಡಿದರು. ಆಮೇಲೆ ನಾಟಕ ಕಂಪನಿಗಳ, ಕಾಲಿನಿಂದ ಗಾಳಿ ಹಾಕುವ ಕಾಲುಪೇಟಿಗಳನ್ನು ನೋಡಿಕೊಳ್ಳುತ್ತ ಊರೂರು ತಿರುಗಿದರು. ಕಡೆಗೆ ಹುಟ್ಟೂರಿಗೇ ಬಂದು ಕೂತರು. ಅಥಣಿ, ರಾಯಬಾಗ, ಚಿಕ್ಕೋಡಿ ಸುತ್ತಲಿನ ಭಜನಾ ಮೇಳಗಳ ಪೇಟಿಗಳು ಕೆಟ್ಟರೆ ಅವರ ಕೈಗೇ ಬರುತ್ತಿದ್ದವು. ನನಗೆ ಅವರ ಪರಿಚಯವಾದದ್ದು ಮಾತ್ರ ಒಂದು ಪಿಯಾನೊದಿಂದ.

ನಮ್ಮದು ಶೇಡಬಾಳ ಕಡೆಯ ಜೈನ ಮನೆತನ. ಅಪ್ಪ ನದಿದಂಡೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಬ್ಬಿನ ಗಾಡಿ ತೂಗುವ ಕಾಟಾದ ಮೇಲೆ ಕ್ಲಾರ್ಕ್ ಆಗಿದ್ದರು. ನಾವು ಇದ್ದದ್ದು ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಅಲ್ಲಿ ಆಫೀಸರರಿಗೆಂದು ಒಂದು ಕ್ಲಬ್ಬಿತ್ತು. ಅದರ ಹಾಲಿನಲ್ಲಿ, ಕೇರಂ ಬೋರ್ಡಿನ ಆಚೆ, ಗೋಡೆಗೆ ತಾಗಿ ಒಂದು ಕಪ್ಪು ಪಿಯಾನೊ ನಿಂತಿತ್ತು. ಹಿಂದಿನ ಯಾವುದೋ ಮ್ಯಾನೇಜರರ ಕಾಲದಲ್ಲಿ ಬಂದದ್ದಂತೆ. ಕಬ್ಬು ನುರಿಸುವ ಹಂಗಾಮು ಶುರುವಾದರೆ ಕಾರ್ಖಾನೆಯ ಚಿಮಣಿಯಿಂದ ಕರಿಬೂದಿ ಹಾರಿ ಬಂದು ಒಣಹಾಕಿದ ಬಟ್ಟೆ, ಹಪ್ಪಳ, ಪಿಯಾನೊ ಎಲ್ಲದರ ಮೇಲೂ ಒಂದೇ ಸಮ ಕೂರುತ್ತಿತ್ತು. ಅದನ್ನು ನುಡಿಸುವವರು ಯಾರೂ ಇರಲಿಲ್ಲ. ಮದುವೆಯಾಗಿ ಬಂದ ಸೊಸೆಯಂದಿರು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು, ಅಷ್ಟೇ.

ಎಂಬತ್ತರ ದಶಕದ ಮೊದಲಲ್ಲಿ ಕಾರ್ಖಾನೆಗೆ ಹೊಸ ಚೀಫ್ ಕೆಮಿಸ್ಟ್ ಬಂದರು. ಅವರ ಹೆಂಡತಿ ಗೋವೆಯವರು. ಎಲ್ಲರೂ ಆಕೆಯನ್ನು ಬಾಯಿಯವರು ಅನ್ನುತ್ತಿದ್ದರು. ಕ್ಲಬ್ಬಿನಲ್ಲಿ ಪಿಯಾನೊ ಕಂಡು ಅವರಿಗೆ ತವರು ಕಂಡಷ್ಟು ಖುಷಿಯಾಗಿ, ಕಲಿಯುವ ಮಕ್ಕಳಿದ್ದರೆ ಕಳಿಸಿರೆಂದು ಮನೆ ಮನೆಗೂ ಹೇಳಿ ಕಳಿಸಿದರು. ಹತ್ತು ಹನ್ನೆರಡು ಮಕ್ಕಳು ಹೋದೆವು. ತಿಂಗಳು ತುಂಬುವಷ್ಟರಲ್ಲಿ ಉಳಿದವಳು ನಾನೊಬ್ಬಳೇ.

ಪರದೇಶದ ಸಂಗೀತಗಾರರ ಹೆಸರು ನನ್ನ ಬಾಯಲ್ಲಿ ಹೊರಳುತ್ತಿರಲಿಲ್ಲ. ಅದಕ್ಕೆ ಬಾಯಿಯವರು ಅವರಿಗೆಲ್ಲ ಅಡ್ಡಹೆಸರಿಟ್ಟಿದ್ದರು. ಎರಡು ಕೈಗಳನ್ನೂ ಲೆಕ್ಕ ಹಾಕಿ ಬೇರೆ ಬೇರೆ ದಾರಿಗೆ ಕಳಿಸಿ ಮತ್ತೆ ಕೂಡಿಸುವ ಹಳೆಯ ಕಾಲದವನು ಲೆಕ್ಕದಜ್ಜ. ಮೇಜು ಗುದ್ದಿದ ಹಾಗೆ ಆರಂಭಿಸುವವನು ಸಿಟ್ಟಿನವ. ಒಮ್ಮೆ ಸುಡುತ್ತ ಒಮ್ಮೆ ನಡುಗುತ್ತ ಹೋಗುವವನು ಜ್ವರದವ. ಎಷ್ಟೋ ವರ್ಷ ನಾನು ಇವರನ್ನು ನಮ್ಮ ಸೋದರಮಾವಂದಿರ ಲೆಕ್ಕದಲ್ಲೇ ಇಟ್ಟುಕೊಂಡಿದ್ದೆ.

ಬಾಯಿಯವರು ಹಟ ಹಿಡಿದದ್ದಕ್ಕೆ ಕಾರ್ಖಾನೆಯವರು ಪಿಯಾನೊ ನೋಡಲು ನಿಪ್ಪಾಣಿಯಿಂದ ಚಾಚಾನನ್ನು ಕರೆಸತೊಡಗಿದರು. ವರ್ಷಕ್ಕೆ ಎರಡು ಸಲ, ಹಂಗಾಮಿನ ಮೊದಲೊಮ್ಮೆ, ಮುಗಿದ ಮೇಲೊಮ್ಮೆ. ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ, ಮುಂದೆ ಇನ್ನೊಂದು ಬದಲಿಸಿ, ಹೆಗಲಿಗೊಂದು ಖಾಕಿ ಚೀಲ ಹಾಕಿಕೊಂಡು ಬಂದಿಳಿಯುವರು. ಬಂದವರು ತಕ್ಷಣ ಕೆಲಸಕ್ಕೆ ಕೈಹಾಕುತ್ತಿರಲಿಲ್ಲ. ಪಿಯಾನೊದ ಮುಂದೆ ನಿಂತು, ಬೆರಳಿಡುವ ಆ ಬಿಳಿ ಕಪ್ಪು ಪಟ್ಟಿಗಳಲ್ಲಿ ಯಾವುದೋ ಒಂದನ್ನು ಒತ್ತಿ ಹಿಡಿದು, ಅದರ ದನಿ ಪೂರ್ತಿ ಆರುವವರೆಗೆ ತಲೆ ಬಾಗಿಸಿ ಕೇಳುವರು. ಆಮೇಲೆ ಚೀಲ ಬಿಚ್ಚುವರು. ಡಾಕ್ಟರು ನಾಡಿ ಹಿಡಿದ ಹಾಗೆ ಅದು.

ಒಂದು ಹಾಡನ್ನಾಗಲಿ, ಹಾಡಿನ ತುಂಡನ್ನಾಗಲಿ ಅವರು ನುಡಿಸಿದ್ದನ್ನು ನಾನು ಕೇಳಿರಲಿಲ್ಲ. ಯಾಕೆಂದು ಕೇಳಿದರೆ, ಬಾರಿಸುವುದು ಬೇರೆ ಕಸಬು, ಬಾರಿಸಲು ಬರುವ ಹಾಗೆ ಮಾಡುವುದು ಬೇರೆ ಕಸಬು, ನನಗೆ ಒಂದೇ ಸಾಕು ಅನ್ನುತ್ತಿದ್ದರು. ಬೀಡಿ ತಂಬಾಕಿಗೆ ಹೆಸರಾದ ನಿಪ್ಪಾಣಿಯವರು ಬೇರೆ, ಬೀಡಿ ಬಿಟ್ಟು ಇರುವವರಲ್ಲ. ಆದರೆ ಪಿಯಾನೊದ ಹತ್ತಿರ ಸೇದುತ್ತಿರಲಿಲ್ಲ. ಒಳಗಿನ ಸುತ್ತಿಗೆಗಳಿಗೆ ಹಾಕಿದ ಉಣ್ಣೆಯಲ್ಲಿ ಹೊಗೆ ಹೊಕ್ಕರೆ ಪಿಯಾನೊ ಕೆಮ್ಮತೊಡಗುತ್ತದೆ ಎಂಬುದು ಅವರ ನಂಬಿಕೆ. ತಾಸಿಗೊಮ್ಮೆ ಹೊರಗೆ ಹೋಗಿ ಬೇವಿನ ಮರದ ಕಟ್ಟೆಯ ಮೇಲೆ ಕೂತು ಸೇದಿ, ಬಾಯಿ ಮುಕ್ಕಳಿಸಿ ಒಳಗೆ ಬರುವರು.

ಬಂದರೆ ನಾಲ್ಕೈದು ದಿನ ನಿಲ್ಲುವರು, ಅವರ ಊಟ ನಮ್ಮ ಮನೆಯಲ್ಲಿ. ನಮ್ಮಲ್ಲಿ ಉಳ್ಳಾಗಡ್ಡಿ ಬೆಳ್ಳುಳ್ಳಿ ಇಲ್ಲ, ಹೊತ್ತು ಮುಳುಗಿದ ಮೇಲೆ ಊಟವೂ ಇಲ್ಲ. ಸಂಜೆ ಅವ್ವ ಕ್ಲಬ್ಬಿನ ಬಾಗಿಲಿಗೆ ನನ್ನನ್ನು ಕಳಿಸಿದರೆ ಅವರು ಅರ್ಧ ಕೆಲಸ ಬಿಟ್ಟು ಕೈತೊಳೆದು ಬರುವರು. ನಿಮ್ಮ ಮನೆಯಲ್ಲಿ ಸೂರ್ಯನೂ ಅವ್ವನ ಅಪ್ಪಣೆ ಕೇಳಿ ಮುಳುಗುತ್ತಾನೇನು ಎಂದು ಚೇಷ್ಟೆ ಮಾಡುವರು. ಅಪ್ಪ ಮಾತ್ರ ಎದುರು ಕೂತು ಮಾತಿಲ್ಲದೆ ಉಣ್ಣುತ್ತಿದ್ದರು. ಅಪ್ಪನಿಗೆ ನನ್ನ ಪಿಯಾನೊ ಬಗ್ಗೆ ಸಿಟ್ಟೂ ಇರಲಿಲ್ಲ, ಉಮೇದೂ ಇರಲಿಲ್ಲ. ಹಾಗೆಂದು ಆಗ ನಾನು ತಿಳಿದಿದ್ದೆ.

ನಾನು ಹೈಸ್ಕೂಲು ಮುಗಿಸುವ ಹೊತ್ತಿಗೆ ಕೆಮಿಸ್ಟ್ ಸಾಹೇಬರಿಗೆ ದೂರದ ಇನ್ನೊಂದು ಕಾರ್ಖಾನೆಯಲ್ಲಿ ಕೆಲಸವಾಯಿತು. ಬಾಯಿಯವರು ತಮ್ಮ ಪುಸ್ತಕಗಳನ್ನೆಲ್ಲ ನನಗೆ ಬಿಟ್ಟು ಹೋದರು. ಮುಂದಿನ ಎರಡು ವರ್ಷ ನನಗೆ ಕಲಿಸುವವರಿರಲಿಲ್ಲ. ಆ ಪುಸ್ತಕಗಳಲ್ಲಿ ಜ್ವರದವನ ಒಂದು ದೊಡ್ಡ ತುಣುಕಿತ್ತು, ಹನ್ನೊಂದು ಪುಟದ್ದು. ಬಾಯಿಯವರು ಅದನ್ನು ಯಾವತ್ತೂ ನನ್ನ ಮುಂದೆ ತೆರೆದಿರಲಿಲ್ಲ. ಅದಕ್ಕೇ ಇರಬೇಕು, ನಾನು ಅದರ ಬೆನ್ನು ಹತ್ತಿದೆ. ಒಬ್ಬಳೇ ಕೂತು ಒಂದೂವರೆ ವರ್ಷದಲ್ಲಿ ಹನ್ನೊಂದು ಪುಟವನ್ನೂ ಬಾಯಿಪಾಠ ಮಾಡಿದೆ. ಕ್ಲಬ್ಬಿಗೆ ಬಂದ ಆಫೀಸರರು ಇಸ್ಪೀಟು ಕೆಳಗಿಟ್ಟು ತಿರುಗಿ ನೋಡುತ್ತಿದ್ದರು. ಅದೊಂದು ಅಮಲು.

ಪಿ.ಯು.ಸಿ. ಮುಗಿದ ವರ್ಷ ಬಾಯಿಯವರು ಮುಂಬಯಿಯ ಒಂದು ಸಂಗೀತ ಶಾಲೆಯ ಅರ್ಜಿ ಕಳಿಸಿದರು. ಜೂನ್ ತಿಂಗಳಲ್ಲಿ ಅಲ್ಲಿಗೆ ಹೋಗಿ ನುಡಿಸಿ ತೋರಿಸಬೇಕು. ಮೂರು ತುಣುಕು: ಒಂದು ಹಳೆಯ ಕಾಲದ್ದು, ಒಂದು ಸೊನಾಟ ಎಂಬ ಉದ್ದನೆಯ ರಚನೆಯ ಭಾಗ, ಒಂದು ನಮ್ಮ ಇಷ್ಟದ್ದು. ಅಪ್ಪ ಆಗಲೇ ಚಿಕ್ಕೋಡಿಯಲ್ಲಿ ನನಗೆ ಟಿ.ಸಿ.ಎಚ್. ಸೀಟು ನೋಡಿದ್ದರು. ಒಂದು ಸಲ ಹೋಗಿ ನೋಡೋಣ, ಆಗದಿದ್ದರೆ ಮಾಸ್ತರಿಕೆ ಎಂದು ಒಪ್ಪಂದವಾಯಿತು. ಎರಡನೆಯ ಸಲ ಎಂಬ ಮಾತು ಇರಲಿಲ್ಲ.

ಯಾವ ಮೂರು ನುಡಿಸಲಿ ಎಂದು ಬಾಯಿಯವರಿಗೆ ಬರೆದು ಕೇಳಿದೆ. ಅವರ ಉತ್ತರ ಬಂತು. ನಿನ್ನ ಕೈಯನ್ನು ಎರಡು ವರ್ಷದಿಂದ ನಾನು ಕೇಳಿಲ್ಲ, ಕೇಳದೆ ಹೇಳಿದರೆ ಮೋಸವಾಗುತ್ತದೆ, ಹತ್ತಿರವಿದ್ದು ಕೇಳುವವರು ಯಾರಾದರೂ ಹೇಳಲಿ ಎಂದು ಬರೆದಿದ್ದರು. ಹತ್ತಿರವಿದ್ದು ಕೇಳುವವರು ಯಾರು? ನೂರು ಮೈಲಿ ಸುತ್ತ ಈ ಸಂಗೀತ ಬಲ್ಲವರು ನನಗೆ ಗೊತ್ತಿರಲಿಲ್ಲ. ಕಡೆಗೆ ನಾನೇ ಆರಿಸಿದೆ. ಲೆಕ್ಕದಜ್ಜನದೊಂದು ಅವಸರದ್ದು, ಸಿಟ್ಟಿನವನ ಗುದ್ದಾಟದ ಮೊದಲ ಭಾಗ, ಮೂರನೆಯದು ಜ್ವರದವನ ಹನ್ನೊಂದು ಪುಟ. ಮುಂಬಯಿಯವರು ಬೆರಗಾಗಬೇಕು ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಮೇ ತಿಂಗಳಲ್ಲಿ ಹಂಗಾಮು ಮುಗಿದು ಚಾಚಾ ಬಂದರು. ಪಿಯಾನೊದ ಬಲತುದಿಯ ಕಡೆ ಒಂದು ಕಪ್ಪು ಪಟ್ಟಿ ಎರಡು ವರ್ಷದಿಂದ ಸತ್ತಿತ್ತು. ಅದರ ಸುತ್ತಿಗೆ ಮುರಿದಿತ್ತು, ಬಿಡಿಭಾಗ ಸಿಕ್ಕಿರಲಿಲ್ಲ. ಈ ಸಲ ಕೊಲ್ಲಾಪುರದಲ್ಲಿ ಮುರಿದು ಮಾರಿದ ಹಳೆಯ ಪಿಯಾನೊವೊಂದರ ಸುತ್ತಿಗೆಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ತಂದಿದ್ದರು. ದಿನವಿಡೀ ಉಜ್ಜಿ ಕೂರಿಸಿ, ತಂತಿಗೆ ಶ್ರುತಿ ಹಚ್ಚಿ, ಈಗ ಬಾರಿಸು ಎಂದು ಎದ್ದು ನಿಂತರು. ಮೊಮ್ಮಗಳಿಗೆ ಆಟಿಕೆ ತಂದುಕೊಟ್ಟವರ ಮುಖವಿತ್ತು ಅವರದು.

ನಾನು ದೊಡ್ಡ ತುಣುಕನ್ನೇ ಎತ್ತಿಕೊಂಡೆ. ಅದರ ನಡುವೆ ಬಲಗೈ ಮೇಲಿನ ತುದಿಗೆ ಓಡಿ ಹೋಗಿ ಜಾರಿ ಇಳಿಯುವ ಒಂದು ಓಟವಿದೆ, ಮತ್ತೆ ಮತ್ತೆ ಬರುತ್ತದೆ. ಓಟದ ತುದಿ ಮುಟ್ಟಿದೆನೋ ಇಲ್ಲವೋ, ಕಿವಿಗೆ ಕಸ ಹೊಕ್ಕಂತೆ ಒಂದು ಕೆಟ್ಟ ದನಿ. ಮತ್ತೆ ನುಡಿಸಿದೆ, ಮತ್ತೆ ಅದೇ. ಚಾಚಾ, ಶ್ರುತಿ ತಪ್ಪಿ ಹಚ್ಚಿದ್ದೀರಿ ಎಂದೆ. ಅವರು ಬಂದು, ಆ ಪಟ್ಟಿಯನ್ನೂ ಅದರ ಕೆಳಗಿನ ಸಪ್ತಕದ ಜೋಡಿಯನ್ನೂ ಒಟ್ಟಿಗೆ ಒತ್ತಿದರು. ಎರಡೂ ಒಂದೇ ದನಿಯಾಗಿ ಬೆರೆತವು.

"ಪಟ್ಟಿ ಖರೇ ಹೇಳಾಕತ್ತೈತಿ, ಬೇಟಿ. ಪುಸ್ತಕಾ ನೋಡು" ಅಂದರು.

ಪುಸ್ತಕ ತೆಗೆದೆ. ಆ ಸ್ವರದ ಹಿಂದೆ ಒಂದು ಸಣ್ಣ ಗುರುತಿತ್ತು. ಇಲ್ಲಿ ಕಪ್ಪು ಬೇಡ, ಪಕ್ಕದ ಬಿಳಿಯದನ್ನು ಒತ್ತು ಎಂದು ಅದರ ಅರ್ಥ. ನಾನು ಒಂದೂವರೆ ವರ್ಷ ಕಪ್ಪನ್ನೇ ಒತ್ತಿದ್ದೆ. ಪಟ್ಟಿ ಸತ್ತಿದ್ದರಿಂದ ದನಿ ಬರುತ್ತಿರಲಿಲ್ಲ. ದನಿ ಬಾರದಿದ್ದರೆ ಪಟ್ಟಿ ಸತ್ತದ್ದಲ್ಲವೇ ಎಂದುಕೊಂಡು ಮುಂದೆ ಹೋಗುತ್ತಿದ್ದೆ. ನನ್ನ ತಪ್ಪು ಇಷ್ಟು ದಿನ ಆ ಮೌನದೊಳಗೆ ಹಾಯಾಗಿ ಮಲಗಿತ್ತು.

ತಿದ್ದಿದರಾಯಿತು ಎಂದುಕೊಂಡೆ. ನಿಧಾನಕ್ಕೆ ನುಡಿಸಿದರೆ ಬೆರಳು ಬಿಳಿಯದಕ್ಕೇ ಹೋಗುತ್ತಿತ್ತು. ವೇಗ ಹಿಡಿದ ಕೂಡಲೇ ಹಳೆಯ ಹಾದಿಗೆ ತಿರುಗಿದ ಎತ್ತಿನ ಹಾಗೆ ಕಪ್ಪಿಗೇ ಹೋಗಿ ಬೀಳುತ್ತಿತ್ತು. ಅಲ್ಲಿ ಎಡವಿದರೆ ಮುಂದಿನ ಪುಟವೆಲ್ಲ ಕುಸಿಯುತ್ತಿತ್ತು. ಮೂರು ದಿನ ಅದೇ ಗೋಳು. ಊಟ ಸೇರಲಿಲ್ಲ. ಪರೀಕ್ಷೆಗೆ ಮೂರು ವಾರವೂ ಉಳಿದಿರಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಚಾಚಾ ಪಿಯಾನೊದ ಹಿಂಬದಿಯಲ್ಲಿ ಏನೋ ಬಿಗಿಯುತ್ತಿದ್ದಾಗ ನಾನು ನಾಚಿಕೆಗೆಟ್ಟು ಕೇಳಿಯೇಬಿಟ್ಟೆ.

"ಚಾಚಾ, ಅದನ್ನ ಮದಲಿನಂಗ ಮುರದ ಬಿಡ್ರಿ. ನನ್ನ ಪರೀಕ್ಷಾ ಮುಗಿಯೂತನಕ."

ಬೈಯುತ್ತಾರೆಂದುಕೊಂಡಿದ್ದೆ. ಅವರು ಎದ್ದು ಬಂದು, ಮೊಣಕಾಲಿನ ಧೂಳು ಜಾಡಿಸಿಕೊಂಡು, ನನ್ನ ಮುಖ ನೋಡಿದರು.

"ಮುರೀತೀನಿ, ಅದೇನ ದೊಡ್ಡ ಕೆಲಸಲ್ಲ. ಆದರ ಮುಂಬೈದಾಗಿಂದು ಯಾರ ಮುರದ ಕೊಡತಾರ?"

ನಾನು ಅತ್ತುಬಿಟ್ಟೆ. ಅಳುತ್ತಲೇ ಬಾಯಿಯವರ ಪತ್ರದ ಸಂಗತಿ ಹೇಳಿದೆ. ಹತ್ತಿರವಿದ್ದು ಕೇಳುವವರು ಹೇಳಲಿ ಎಂದು ಬರೆದಿದ್ದಾರೆ, ಅಂಥವರು ನನಗೆ ಯಾರಿದ್ದಾರೆ ಎಂದೆ. ಚಾಚಾ ತಮ್ಮ ಉಗುರು ನೋಡಿಕೊಂಡರು.

"ನನಗ ಈ ಇಂಗ್ಲಿಷ್ ಗಾಣಾ ಒಂದೂ ತಿಳಿಯೂದಿಲ್ಲ, ಬೇಟಿ. ಆದರ ಕೇಳಾವರ ಅಷ್ಟ ಬೇಕಂದ್ರ, ಕೇಳೂದ ನನಗ ಬರತೈತಿ."

ಅವರ ಉಪಾಯ ಹೀಗಿತ್ತು. ನನಗೆ ಬರುವ ತುಣುಕುಗಳನ್ನೆಲ್ಲ ಮರುದಿನ ಮಧ್ಯಾಹ್ನ ಒಂದಾದ ಮೇಲೊಂದು ನುಡಿಸಬೇಕು, ಚಿಕ್ಕವಳಿದ್ದಾಗ ಕಲಿತವನ್ನೂ ಬಿಡದೆ. ಕಿಟಕಿ ತೆರೆದಿರಬೇಕು. ಅವರು ಹೊರಗೆ ಬೇವಿನ ಕಟ್ಟೆಯ ಮೇಲೆ ಕೂತು ಒಂದೊಂದು ತುಣುಕಿಗೆ ಒಂದೊಂದು ಬೀಡಿ ಹಚ್ಚುತ್ತಾರೆ. ಬೀಡಿಯೆಂದರೆ ಸಿಗರೇಟಿನ ಹಾಗಲ್ಲ, ಎಳೆಯುತ್ತಲೇ ಇರಬೇಕು, ಮರೆತರೆ ಆರಿಹೋಗುತ್ತದೆ. ಯಾವುದನ್ನು ಕೇಳುವಾಗ ನನ್ನ ಬೀಡಿ ಆರುತ್ತದೋ ಅದನ್ನು ಮುಂಬಯಿಗೆ ಒಯ್ಯಿ ಎಂದರು. ನನಗೆ ಅದು ಹುಚ್ಚಾಟದಂತೆ ಕಂಡಿತು. ಆದರೆ ನನ್ನ ಹತ್ತಿರ ಬೇರೆ ದಾರಿ ಇರಲಿಲ್ಲ.

ಮರುದಿನ ಎರಡು ತಾಸು ನುಡಿಸಿದೆ. ಮುಗಿಸಿ ಹೊರಗೆ ಬಂದಾಗ ಚಾಚಾ ಬೀಡಿಗಳನ್ನು ಕಟ್ಟೆಯ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದರು. ಹೆಚ್ಚಿನವು ದಾರದವರೆಗೂ ಸುಟ್ಟ ಮೋಟುಗಳು. ನಡುನಡುವೆ ಅರ್ಧಕ್ಕೇ ಆರಿದ ಮೂರು ಉದ್ದನೆಯ ಬೀಡಿ. ನಾನು ಕೂತು ನುಡಿಸಿದ ಕ್ರಮದಲ್ಲಿ ಎಣಿಸಿ ನೋಡಿದೆ. ಮೊದಲನೆಯದು ಲೆಕ್ಕದಜ್ಜನದು, ನಾನು ಆರಿಸಿದ್ದ ಅವಸರದ್ದಲ್ಲ, ಹನ್ನೆರಡನೆಯ ವಯಸ್ಸಿನಲ್ಲಿ ಕಲಿತ, ಎರಡು ಕೈ ಮಾತಾಡಿಕೊಳ್ಳುತ್ತ ಹೋಗುವ ಒಂದು ಪುಟ್ಟ ತುಣುಕು. ಎರಡನೆಯದು ಸಿಟ್ಟಿನವ ಸಿಟ್ಟು ಇಳಿದ ಮೇಲೆ ಬರೆದ ಹಾಗಿರುವ ನಿಧಾನದ ಭಾಗ. ಮೂರನೆಯದು ಜ್ವರದವನದೇ, ಆದರೆ ಎರಡೇ ಪುಟದ್ದು. ಎಡಗೈ ಮೆಲ್ಲಗೆ ಒಂದೇ ಸಮ ನಡೆಯುತ್ತಿರುತ್ತದೆ, ಬಲಗೈ ಹೋಗಲೋ ಬೇಡವೋ ಎಂದು ಹೊಸ್ತಿಲಲ್ಲಿ ನಿಂತವರ ಹಾಗೆ ಎರಡು ಮೂರು ಸ್ವರಗಳಲ್ಲೇ ಸುಳಿದಾಡುತ್ತದೆ. ಹನ್ನೊಂದು ಪುಟದ ದೊಡ್ಡದಕ್ಕೆ ಅವರು ಒಂದು ಬೀಡಿ ಮುಗಿಸಿ ಇನ್ನೊಂದನ್ನೂ ಹಚ್ಚಿದ್ದರು.

ಯಾಕೆ ಎಂದು ಕೇಳಿದೆ. ದೊಡ್ಡದರ ಬಗ್ಗೆ ಅವರು ಅಂದ ಮಾತನ್ನು ನಾನು ಈಗ ನನ್ನ ವಿದ್ಯಾರ್ಥಿಗಳಿಗೆಲ್ಲ ಹೇಳುತ್ತೇನೆ.

"ಅದರಾಗ ನೀ ನನಗ ಏನೋ ತೋರಸಾಕತ್ತಿದ್ದಿ. ಈ ಮೂರರಾಗ ನಾ ಹೊರಗ ಕುಂತೇನಿ ಅನ್ನೂದ ನಿನಗ ನೆನಪ ಇರಲಿಲ್ಲ."

ಆ ಕ್ಷಣ ನನಗಾದ ಹಗುರ ಎಂಥದೆಂದು ಹೇಗೆ ಹೇಳಲಿ? ಬೇಸಿಗೆಯಲ್ಲಿ ತಲೆಯ ಮೇಲಿನ ಎರಡು ಕೊಡ ನೀರನ್ನು ಯಾರೋ ಹಿಂದಿನಿಂದ ಬಂದು ಇಳಿಸಿಕೊಂಡ ಹಾಗಾಯಿತು. ಹನ್ನೊಂದು ಪುಟ ನುಡಿಸಬೇಕಾಗಿಲ್ಲ. ಯಾರನ್ನೂ ಬೆರಗುಗೊಳಿಸಬೇಕಾಗಿಲ್ಲ. ಬರುವುದನ್ನು ನುಡಿಸಿದರೆ ಸಾಕು. ಆ ಸಂಜೆ ಹೊತ್ತು ಮುಳುಗುವುದರೊಳಗೆ ನಾನು ಮೂರು ರೊಟ್ಟಿ ತಿಂದೆ. ಅವ್ವ ಇನ್ನೊಂದು ಬಡಿಸಿದಳು.

ಚಾಚಾ ಎರಡು ದಿನ ಹೆಚ್ಚಿಗೆ ನಿಂತರು. ನಮ್ಮ ಪಿಯಾನೊದ ಪಟ್ಟಿಗಳು ಬಿರುಸು, ಅದರ ಮೇಲೆ ರೂಢಿಯಾದ ಬೆರಳು ಮುಂಬಯಿಯ ಹಗುರ ಪಿಯಾನೊದ ಮೇಲೆ ಗುದ್ದಿದಂತಾಗುತ್ತದೆ ಎಂದು, ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿ ಸಡಿಲ ಮಾಡಿಕೊಟ್ಟರು. ಈ ಎಮ್ಮೆಯನ್ನು ಆಕಳು ಮಾಡಲು ಆಗುವುದಿಲ್ಲ, ಒಂದಿಷ್ಟು ಸಾಧು ಮಾಡಬಹುದು ಅಂದರು. ಹೊರಡುವಾಗ ಒಂದೇ ಮಾತು ಹೇಳಿದರು. ಅಲ್ಲಿ ಕೂತ ಕೂಡಲೇ ಶುರು ಮಾಡಬೇಡ. ಮೊದಲು ಒಂದು ಪಟ್ಟಿ ಒತ್ತು, ಅದರ ದನಿ ಪೂರ್ತಿ ಆರುವವರೆಗೆ ಕೇಳು. ಪರಿಚಯವಿಲ್ಲದವರ ಮನೆಗೆ ಹೋದರೆ ಬಾಗಿಲಲ್ಲಿ ನಿಂತು ಕರೆಯುವುದಿಲ್ಲವೇ, ಹಾಗೆ.

ಅಪ್ಪ ರಜೆ ಹಾಕಿ ನನ್ನ ಜೊತೆ ಬಂದರು. ಮಿರಜಿನಿಂದ ರೈಲು, ಬುತ್ತಿಯಲ್ಲಿ ಕಡಕ ರೊಟ್ಟಿ, ಶೇಂಗಾ ಚಟ್ನಿ. ಶಾಲೆಯ ಪಡಸಾಲೆಯಲ್ಲಿ ಬೆಂಚಿನ ಮೇಲೆ ಕೂತು ನನ್ನ ಸರದಿ ಕಾಯುತ್ತಿದ್ದಾಗ ಮುಚ್ಚಿದ ಬಾಗಿಲಿನ ಆಚೆಯಿಂದ ಒಂದು ದನಿ ಬಂತು. ಜ್ವರದವನ ಹನ್ನೊಂದು ಪುಟ. ಒಳಗೆ ಯಾರೋ ಅದನ್ನೇ ನುಡಿಸುತ್ತಿದ್ದರು, ನನಗಿಂತ ಎರಡು ಪಟ್ಟು ವೇಗ, ಒಂದು ಸ್ವರದಲ್ಲೂ ಅಳುಕಿಲ್ಲ. ಆ ಓಟ ಬಂತು. ಮೇಲಿನ ತುದಿಯಲ್ಲಿ ಬಿಳಿಯ ಪಟ್ಟಿ ಗಾಜಿನ ಹಾಗೆ ಸ್ಪಷ್ಟವಾಗಿ ನುಡಿಯಿತು. ಅದು ಅಲ್ಲಿ ಹೇಗೆ ಕೇಳಿಸಬೇಕು ಎಂಬುದನ್ನು ನಾನು ಮೊದಲ ಸಲ ಕೇಳಿದ್ದು ಆಗಲೇ.

ನನಗೆ ಹೆದರಿಕೆಯಾಗಬೇಕಿತ್ತು. ಆಗಲಿಲ್ಲ. ಅದು ಇವತ್ತು ನನ್ನ ಪಾಲಿಗೆ ಇಲ್ಲವಲ್ಲ ಎಂದು ಎಷ್ಟು ಸಮಾಧಾನವಾಯಿತೆಂದರೆ, ಆ ಹುಡುಗಿ ಹೊರಗೆ ಬಂದಾಗ ತುಂಬ ಚೆನ್ನಾಗಿತ್ತು ಎಂದು ನಾನೇ ಮೊದಲು ಹೇಳಿದೆ.

ಒಳಗೆ ಮೂವರು ಕೂತಿದ್ದರು. ನಾನು ಪಿಯಾನೊದ ಮುಂದೆ ಕೂತು, ನಡುವಿನ ಒಂದು ಪಟ್ಟಿಯನ್ನು ಒತ್ತಿ ಹಿಡಿದೆ. ದೊಡ್ಡ ಪಿಯಾನೊ ಅದು, ದನಿ ಎಷ್ಟೋ ಹೊತ್ತು ಆರಲೇ ಇಲ್ಲ. ಪರೀಕ್ಷಕರಲ್ಲೊಬ್ಬರು ಕೆಮ್ಮಿದರು. ನಾನು ಕಾದೆ. ದನಿ ಪೂರ್ತಿ ಆರಿದ ಮೇಲೆ ಲೆಕ್ಕದಜ್ಜನಿಂದ ಶುರು ಮಾಡಿದೆ. ಮೂರೂ ಮುಗಿಯುವವರೆಗೆ ನನ್ನನ್ನು ಯಾರೂ ತಡೆಯಲಿಲ್ಲ. ಮುಗಿದ ಮೇಲೆ ತಲೆ ಬೆಳ್ಳಗಾದ ಒಬ್ಬ ಹೆಣ್ಣುಮಗಳು, ಮೊದಲು ಹಾಗೆ ಒಂದೇ ಸ್ವರ ಒತ್ತಿ ಕೂರುವುದನ್ನು ಯಾರು ಕಲಿಸಿದರು ಎಂದು ಇಂಗ್ಲಿಷಿನಲ್ಲಿ ಕೇಳಿದರು. ನನಗೆ ತಕ್ಷಣ ಇಂಗ್ಲಿಷು ಹೊರಡದೆ ಮರಾಠಿಯಲ್ಲಿ, ನಮ್ಮ ಕಡೆ ಹಾರ್ಮೋನಿಯಮ್ ರಿಪೇರಿ ಮಾಡುವವರೊಬ್ಬರಿದ್ದಾರೆ, ಅವರು ಎಂದೆ. ಆಕೆ ತಲೆಯಾಡಿಸಿ ಏನೋ ಬರೆದುಕೊಂಡರು. ಮುಂದೆ ನಾಲ್ಕು ವರ್ಷ ನನಗೆ ಕಲಿಸಿದವರು ಆಕೆಯೇ.

ಜುಲೈಯಲ್ಲಿ ಪತ್ರ ಬಂತು, ಸೀಟು ಸಿಕ್ಕಿತ್ತು. ಅಪ್ಪ ಪತ್ರವನ್ನು ಎರಡು ಸಲ ಓದಿ, ಮಡಚಿ ನನ್ನ ಕೈಗೆ ಕೊಟ್ಟು, ಟೊಪ್ಪಿಗೆ ಹಾಕಿಕೊಂಡು ಕಾಟಾಕ್ಕೆ ಹೋದರು. ವಾರದೊಳಗೆ ನಾನು ಮುಂಬಯಿಗೆ ಹೊರಟೆ. ನಿಪ್ಪಾಣಿಗೆ ಹೋಗಿ ಚಾಚಾಗೆ ಹೇಳಲಿಲ್ಲ.

ಇದನ್ನು ಬರೆಯುವುದು ಈಗಲೂ ಕಷ್ಟ. ಮೊದಲ ವರ್ಷ ಪುರುಸೊತ್ತಿಲ್ಲ ಎಂದುಕೊಂಡೆ. ವಿಳಾಸ ಗೊತ್ತಿಲ್ಲ ಎಂಬ ನೆಪ ಹೂಡಿದೆ, ಬಸ್‌ಸ್ಟ್ಯಾಂಡಿನ ಹಿಂದೆ ಪೇಟಿಯವರು ಎಂದು ಬರೆದರೆ ಮುಟ್ಟುತ್ತಿತ್ತು. ರಜೆಗೆ ಬಂದಾಗೊಮ್ಮೆ ಹೋಗೋಣವೆಂದರೆ, ಇಷ್ಟು ದಿನ ಬಿಟ್ಟು ಈಗ ಯಾವ ಮುಖದಿಂದ ಹೋಗಲಿ ಎಂದು ಅಳುಕು. ಅಳುಕಿಗೆ ವರ್ಷಗಳು ಕೂಡುತ್ತ ಹೋದವು. ಕ್ಲಬ್ಬಿನ ಪಿಯಾನೊವನ್ನು ಯಾರಿಗೋ ಕೊಟ್ಟುಬಿಟ್ಟರು, ಚಾಚಾ ನಮ್ಮ ಕಡೆ ಬರುವುದು ನಿಂತಿತು. ನಾನು ಓದು ಮುಗಿಸಿ ಮುಂಬಯಿಯಲ್ಲೇ ಮಕ್ಕಳಿಗೆ ಕಲಿಸತೊಡಗಿದೆ. ಯಾರಾದರೂ ನುಡಿಸುವ ಮೊದಲು ಒಂದು ಕ್ಷಣ ತಡೆದರೆ ಸಾಕು, ಎದೆಯಲ್ಲಿ ಮುಳ್ಳಾಡುತ್ತಿತ್ತು.

ತೊಂಬತ್ತರ ದಶಕದ ನಡುವೆ, ಒಂದು ದೀಪಾವಳಿ ರಜೆಯಲ್ಲಿ, ಕಡೆಗೂ ನಿಪ್ಪಾಣಿಗೆ ಹೋದೆ. ಅಂಗಡಿ ಹಾಗೇ ಇತ್ತು. ಬಿಚ್ಚಿದ ಪೇಟಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಚಾಚಾ ಕೂತಿದ್ದರು, ಗಡ್ಡ ಪೂರ್ತಿ ಬೆಳ್ಳಗಾಗಿತ್ತು, ಒಂದು ಕಣ್ಣಿಗೆ ಆಪರೇಶನ್ ಆಗಿತ್ತು. ನಾನು ಮೆಟ್ಟಿಲ ಕೆಳಗೆ ನಿಂತು, ಚಾಚಾ, ಗುರುತು ಸಿಕ್ಕಿತೇ ಎಂದೆ. ಅವರು ತಲೆಯೆತ್ತಲೂ ಇಲ್ಲ. ದನಿ ಕೇಳಿಯೇ, ಮುಂಬಯಿಯವಳು ಬಂದಳೆಂದು ಒಳಗಿನವರಿಗೆ ಚಹಾ ಹೇಳಿದರು.

ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಅದನ್ನು ಹೊರಡಿಸಲು ಅವರು ಬಿಡಲೇ ಇಲ್ಲ. ಹಾಸ್ಟೆಲಿನ ನೀರು ಬೇಳೆ ಈಗಲೂ ಹಾಗೇ ಇದೆಯೇ ಎಂದು ಕೇಳಿದರು. ನಿನಗೆ ಕಲಿಸಿದ ಆ ಬಿಳಿ ಕೂದಲಿನ ಬಾಯಿ ಆರಾಮಿದ್ದಾರೆಯೇ ಎಂದರು. ನಿನ್ನ ಮೊದಲ ಶಿಷ್ಯ, ಆ ಪಾರಸಿ ಹುಡುಗ, ಎಡಗೈ ಬಿಗಿ ಹಿಡಿಯುವುದನ್ನು ಬಿಟ್ಟನೇ ಎಂದರು. ಇವೆಲ್ಲ ನಾನು ಮನೆಗೆ ಬರೆದ ಪತ್ರಗಳಲ್ಲಿದ್ದ ಸಂಗತಿಗಳು.

"ನಿಮ್ಮ ಅಪ್ಪಾರು ಹೇಳ್ಯಾರ" ಅಂದರು ಚಾಚಾ. "ವರ್ಷಕ್ಕ ಎರಡ ಮೂರ ಸರತಿ ಬರತಾರ. ನಿನ್ನ ಪತ್ರ ತಂದ ಓದಿ ಹೇಳತಾರ. ನಿನಗ ಗೊತ್ತಿಲ್ಲೇನ?"

ನನಗೆ ಗೊತ್ತಿರಲಿಲ್ಲ. ಸೀಟಿನ ಪತ್ರ ಬಂದ ಮೂರನೆಯ ದಿನವೇ ಅಪ್ಪ ಪೇಢೆಯ ಪೊಟ್ಟಣ ಹಿಡಿದು ಅಲ್ಲಿಗೆ ಹೋಗಿದ್ದರಂತೆ. ಎರಡು ತಾಸು ಕೂತರೂ ನಾಲ್ಕು ಮಾತಾಡಿರಲಿಲ್ಲವಂತೆ. ಏಳುವ ಹೊತ್ತಿಗೆ, ಈ ಪಿಯಾನೊ ಬಾರಿಸುವುದರಿಂದ ಹೊಟ್ಟೆ ತುಂಬುತ್ತದೆಯೇ ಎಂದು ಕೇಳಿದ್ದರಂತೆ. ಬಾರಿಸಲು ಬಾರದ ನನ್ನ ಹೊಟ್ಟೆಯೇ ತುಂಬಿದೆ, ನಿಮ್ಮ ಮಗಳದು ತುಂಬುವುದಿಲ್ಲವೇ ಎಂದು ಚಾಚಾ ಅಂದರಂತೆ. ಅಪ್ಪ ಆವತ್ತು ನಕ್ಕರಂತೆ. ಅಪ್ಪ ನಕ್ಕದ್ದನ್ನು ನೋಡಿದವರು ಕಡಿಮೆ, ನಾನು ಆ ಮಾತನ್ನೇ ಎರಡು ಸಲ ಹೇಳಿಸಿದೆ.

ಚಹಾ ಕುಡಿದಾದ ಮೇಲೆ, ಆ ಎರಡು ಪುಟದ್ದು ಇನ್ನೂ ನೆನಪಿದೆಯೇ ಎಂದು ಅವರು ಕೇಳಿದರು. ನೆನಪಿದೆ, ಆದರೆ ಇಲ್ಲಿ ಪಿಯಾನೊ ಎಲ್ಲಿದೆ ಎಂದೆ. ಅವರು ಕಪಾಟಿನಿಂದ ಒಂದು ಒಳ್ಳೆಯ ಪೇಟಿ ತೆಗೆದು ನನ್ನ ಮುಂದಿಟ್ಟರು. ಪೇಟಿಯೆಂದರೆ ಒಂದು ಕೈ ಹಿಂದಿನ ತಿದಿ ಒತ್ತಿ ಗಾಳಿ ಹಾಕಬೇಕು, ನುಡಿಸಲು ಒಂದೇ ಕೈ ಉಳಿಯುತ್ತದೆ. ಆ ತುಣುಕಿಗೆ ಎರಡೂ ಕೈ ಬೇಕು. ನಾನು ಅದನ್ನು ಹೇಳುವ ಮೊದಲೇ ಅವರು ಪೇಟಿಯ ಆಚೆ ಬದಿಗೆ ಕೂತು ತಿದಿಗೆ ಕೈ ಹಾಕಿದ್ದರು.

"ನೀ ಎರಡೂ ಕೈಲೆ ಬಾರಸು. ಗಾಳಿ ನಾ ಹಾಕತೀನಿ."

ನುಡಿಸಿದೆ. ಎಡಗೈ ನಡೆಯುತ್ತಿತ್ತು, ಬಲಗೈ ಸುಳಿದಾಡುತ್ತಿತ್ತು, ಎದುರಿಗೆ ಕೂತ ಮುದುಕರು ಕಣ್ಣು ಮುಚ್ಚಿ ನನಗೆ ಉಸಿರು ಹಾಕುತ್ತಿದ್ದರು. ಎಲ್ಲಿ ದನಿ ಏರಬೇಕೋ ಅಲ್ಲಿ ಗಾಳಿ ತಾನಾಗಿ ಏರುತ್ತಿತ್ತು, ಎಲ್ಲಿ ಆರಬೇಕೋ ಅಲ್ಲಿ ಆರುತ್ತಿತ್ತು. ಅವರು ಸಂಗೀತ ನುಡಿಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಮನೆಗೆ ಬಂದು ಅಪ್ಪನನ್ನು ಕೇಳಿದೆ. ಅಪ್ಪ ಪೇಪರಿನಿಂದ ಕಣ್ಣೆತ್ತದೆ, ನಿಪ್ಪಾಣಿಯಲ್ಲಿ ಬೇರೆ ಕೆಲಸವಿರುತ್ತಿತ್ತು, ಹೋದಾಗ ಹಾಗೇ ಹೋಗಿ ಬರುತ್ತಿದ್ದೆ ಅಂದರು. ನಿಪ್ಪಾಣಿಯಲ್ಲಿ ಅಪ್ಪನಿಗೆ ಯಾವ ಕೆಲಸವೂ ಇರಲಿಲ್ಲ ಎಂದು ಒಳಗಿನಿಂದ ಅವ್ವ ಹೇಳಿದಳು.

ಅದಾದ ಎರಡನೆಯ ವರ್ಷ, ಮಳೆಗಾಲದ ಆರಂಭದಲ್ಲಿ, ಮುಂಬಯಿಗೆ ಅಪ್ಪನ ಒಂದು ಪೋಸ್ಟ್‌ಕಾರ್ಡು ಬಂತು. ಅಪ್ಪ ಪತ್ರ ಬರೆಯುವವರಲ್ಲ, ಮನೆಯ ಪತ್ರಗಳನ್ನು ಬರೆಯುತ್ತಿದ್ದವಳು ಅವ್ವ. ಕಾಟಾದ ರಸೀದಿ ಬರೆದ ಹಾಗೆ ಸಣ್ಣ ಸಣ್ಣ ಸಾಲುಗಳು. ಪೇಟಿಯವರು ಶುಕ್ರವಾರ ತೀರಿಕೊಂಡರು. ಹೆಚ್ಚು ನರಳಲಿಲ್ಲ. ನಾನು ಮಣ್ಣಿಗೆ ಹೋಗಿದ್ದೆ. ಅವರಲ್ಲಿ ಒಬ್ಬೊಬ್ಬರು ಮೂರು ಮೂರು ಹಿಡಿ ಮಣ್ಣು ಹಾಕುವ ಪದ್ಧತಿ ಇದೆ. ಅವರ ಮಗನನ್ನು ಕೇಳಿ ನಾನೂ ಮೂರು ಹಿಡಿ ಹಾಕಿದೆ. ಅದಾದ ಮೇಲೆ ನಿನ್ನ ಹೆಸರಿನಲ್ಲಿ ಮತ್ತೆ ಮೂರು ಹಾಕಿದೆ.

ಪೋಸ್ಟ್‌ಕಾರ್ಡು ಹಿಡಿದುಕೊಂಡು ತುಂಬ ಹೊತ್ತು ಅತ್ತೆ. ಅವರ ಋಣ ತೀರುವಂಥದಲ್ಲ, ತೀರಿಸಬೇಕೆಂಬ ಆಸೆಯೂ ನನಗಿಲ್ಲ. ಆದರೆ ಆ ಅಳುವಿನೊಳಗೆ ಮುಳ್ಳಿರಲಿಲ್ಲ. ನಾನು ಹೇಳದೆ ಬಿಟ್ಟದ್ದನ್ನೆಲ್ಲ ನನ್ನ ಮಾತಿಲ್ಲದ ಅಪ್ಪ ಅಷ್ಟು ವರ್ಷ ಬಸ್ಸು ಹತ್ತಿ ಹೋಗಿ ಹೇಳಿ ಬಂದಿದ್ದರು.